ಸಹಾಯ ಬೇಕು: ದಿವಾಳಿ ಅರ್ಜಿ ಹಾಕಿದರೆ ಅಣ್ಣನ ಹೊಲಿಗೆ ಮೆಷಿನ್ ಉಳಿಯುತ್ತಾ?

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ದಾವಣಗೆರೆಯಲ್ಲಿ ಟೈಲರ್. ಅಂಗಡಿ ದೊಡ್ಡದು ಮಾಡಲು ಹೋಗಿ ಕೈಸಾಲ, ಫೈನಾನ್ಸ್ ಸಾಲ ಎಲ್ಲ ಸೇರಿ 9 ಲಕ್ಷ ಆಗಿದೆ, ಈಗ ಬಡ್ಡಿ ಕಟ್ಟೋಕೂ ಆಗುತ್ತಿಲ್ಲ. 1920ರ ಪ್ರಾಂತೀಯ ದಿವಾಳಿ ಕಾಯ್ದೆಯಲ್ಲಿ ಕೋರ್ಟಿಗೆ ಅರ್ಜಿ ಹಾಕೋಣ ಅಂತಿದ್ದೇವೆ. 2016ರ ಹೊಸ ಕಾನೂನು ಸದ್ಯಕ್ಕೆ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ, ನಮ್ಮಂಥವರಿಗೆ ಇನ್ನೂ ಜಾರಿಯಾಗಿಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಓದಿದೆ. ಅದರಲ್ಲಿ ಜಪ್ತಿ ಮಾಡಬಾರದು ಅಂತ ಹೇಳಿರೋ ವಸ್ತುಗಳು ದಿವಾಳಿಯಲ್ಲೂ ಸಾಲ ಮಾಡಿದವನ ಹತ್ತಿರಾನೇ ಉಳಿಯುತ್ತವೆ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕಸುಬಿನ ಸಲಕರಣೆ, ಧರ್ಮದ ಪದ್ಧತಿ ಪ್ರಕಾರ ಹೆಂಗಸರು ತೆಗೆಯಬಾರದ ಒಡವೆ, ಪಿಪಿಎಫ್ ಹಣ ಕೂಡ. ಹಾಗಾಗಿ ಅತ್ತಿಗೆಯ ತಾಳಿ ಬಗ್ಗೆ ಭಯ ಇಲ್ಲ.

ಚಿಂತೆ ಇರೋದು ಮೆಷಿನ್‌ಗಳದ್ದು. ಒಂದು ಅಪ್ಪನ ಕಾಲದ ಕಾಲ್ತುಳಿತದ್ದು, ಬೆಲ್ಟ್ ಹರಿದಾಗ ಅಪ್ಪ ತಂತಿ ಹಾಕಿ ಜೋಡಿಸಿದ್ದು ಇನ್ನೂ ಹಾಗೇ ಇದೆ, ಅದು ಉಳಿಯುತ್ತೆ ಅನ್ಕೊಂಡಿದ್ದೇನೆ. ಇನ್ನೆರಡು ಕರೆಂಟಿನವು. ಒಂದರ ಸಾಲ ತೀರಿದೆ. ಇನ್ನೊಂದು ಸಾಲಕ್ಕೆ ಅಡವಿದೆ, ಅಡವಿಟ್ಟ ವಸ್ತುವಿನ ಮೇಲೆ ಸಾಲ ಕೊಟ್ಟವರ ಹಕ್ಕು ಹೋಗಲ್ಲ ಅಲ್ವಾ?

ಸಾಲ ತೀರಿದ ಕರೆಂಟ್ ಮೆಷಿನ್ನನ್ನು ಕೋರ್ಟ್ ಕಸುಬಿನ ಸಲಕರಣೆ ಅಂತ ಒಪ್ಪುತ್ತಾ? ಟೈಲರ್, ಬಡಗಿ, ಕಮ್ಮಾರ ಯಾರದ್ದಾದರೂ ಇಂಥ ಕೇಸು ನೋಡಿದ ವಕೀಲರು ಇದ್ದರೆ ದಯವಿಟ್ಟು ಹೇಳಿ. ಅಣ್ಣನಿಗೆ ಹೊಲಿಗೆ ಬಿಟ್ಟು ಬೇರೆ ಕೆಲಸ ಗೊತ್ತಿಲ್ಲ, ಮಕ್ಕಳಿಬ್ಬರೂ ಶಾಲೆಗೆ ಹೋಗ್ತಿದ್ದಾರೆ.