ಅಪ್‌ಡೇಟ್: ಗಾಂಧಿ ಬಜಾರಿನಲ್ಲಿ ಫೋಟೊ ಕೇಳಿದೆ

ಗುರುತಿಲ್ಲದವರ ಹತ್ತಿರ ಫೋಟೊ ತೆಗೀಲಾ ಅಂತ ಹೇಗೆ ಕೇಳೋದು ಎಂದು ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೇಳಿಯೇಬಿಟ್ಟೆ. ದೂರದಿಂದಲೇ ಹತ್ತಿರ ಕಾಣಿಸುವ ಜೂಮ್ ಲೆನ್ಸ್ ಬಿಟ್ಟು, ಜೂಮ್ ಆಗದ 50 ಎಂಎಂ ಲೆನ್ಸ್ ಹಾಕಿಕೊಂಡೆ. ಅದರಲ್ಲಿ ಮುಖ ತುಂಬಬೇಕೆಂದರೆ ಹತ್ತಿರ ಹೋಗಲೇಬೇಕು, ಹೋದಮೇಲೆ ಮಾತಾಡದೆ ವಿಧಿಯಿಲ್ಲ. ಹೂ ಕಟ್ಟುತ್ತಿದ್ದ ಅಮ್ಮನನ್ನು ಕೇಳಿದರೆ, "ಮೊದಲು ಒಂದು ಮಾರು ಹೂ ತಗಳಪ್ಪ" ಅಂದರು. ತಗೊಂಡೆ! ಗಿರಾಕಿಗಳು ಕಡಿಮೆ ಇರುವ ಮಧ್ಯಾಹ್ನ ಒಪ್ಪುವವರು ಜಾಸ್ತಿ. ಆದರೆ ನೆತ್ತಿ ಮೇಲಿನ ಬಿಸಿಲಿಗೆ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ, ಹಾಗಾಗಿ ಅಂಗಡಿ ನೆರಳಿನಲ್ಲಿ ಕೂತವರನ್ನೇ ಹುಡುಕಿದೆ. ಒಬ್ಬ ಯಜಮಾನರು ಬೇಡ ಅಂದರು. ಸುಮ್ನೆ ನಮಸ್ಕಾರ ಹೇಳಿ ಮುಂದೆ ಹೋದೆ, ಒತ್ತಾಯ ಮಾಡೋದು ಸರಿಯಲ್ಲ ಅಲ್ವಾ? ತೆಗೆದ ಫೋಟೊ ಪ್ರಿಂಟ್ ಹಾಕಿಸಿ ಅವರಿಗೇ ಕೊಡು ಅಂತ ಇಲ್ಲಿ ಸಲಹೆ ಕೊಟ್ಟವರಿಗೆ ಥ್ಯಾಂಕ್ಸ್. ಹಾಗೆ ಕೊಟ್ಟ ಪ್ರಿಂಟ್ ನೋಡಿ ಪಕ್ಕದ ಬಾಳೆಎಲೆ ವ್ಯಾಪಾರಿ ತಾವೇ ಕರೆದು ಕೂತರು.