ಭಾನುವಾರದ ಪ್ರಶ್ನೋತ್ತರ: ಎಂಡಾರ್ಫಿನ್ ಫಾರ್ವರ್ಡ್ ಬಂದವರು ಇಲ್ಲಿ ಕೇಳಿ

ಡಾಕ್ಟರ್ (ನೋವು ಚಿಕಿತ್ಸೆ, ಶಿವಮೊಗ್ಗ): ನಮಸ್ಕಾರ. ‘ಎಂಡಾರ್ಫಿನ್ ಹೆಚ್ಚಿಸಿ, ಮಾತ್ರೆ ಬಿಸಾಡಿ’ ಅನ್ನೋ ಮೆಸೇಜ್ ಈ ವಾರ ನನಗೇ ಆರು ಸಲ ಬಂತು. ಐದು ಗಂಟೆವರೆಗೆ ಇರ್ತೀನಿ, ಕೇಳಿ.

ಸಾಗರದ ಟೀಚರ್: ಮೇಡಂ, ಎಂಡಾರ್ಫಿನ್ ಅನ್ನೋದು ನಿಜಕ್ಕೂ ಇದೆಯಾ?

ಡಾಕ್ಟರ್: ಇದೆ. ನೋವು ತಗ್ಗಿಸೋಕೆ ಮೈಯೇ ತಯಾರಿಸೋ, ಮಾರ್ಫಿನ್ ಥರದ್ದು ಅದು. ಅಫೀಮಿನ ಮಾರ್ಫಿನ್ ಹೋಗಿ ಕೂರೋ ಜಾಗ ಮೆದುಳಲ್ಲಿದೆ ಅಂತ 1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್, ಸಾಲೊಮನ್ ಸ್ನೈಡರ್ ತೋರಿಸಿದರು. ಎಲ್ಲೋ ಬೆಳೆಯೋ ಗಸಗಸೆ ಗಿಡದ ಹಾಲಿಗೆ ನಮ್ಮ ತಲೆಯೊಳಗೆ ಮಣೆ ಹಾಕಿಟ್ಟವರು ಯಾರು? ಒಳಗೇ ಅಂಥದ್ದು ತಯಾರಾಗ್ತಿರಬೇಕು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್, ಕೋಸ್ಟರ್‌ಲಿಟ್ಜ್ ಹಂದಿಯ ಮೆದುಳಿಂದ ಎನ್‌ಕೆಫಾಲಿನ್ ಅನ್ನೋ ಅಂಥದ್ದನ್ನ ತೆಗೆದರು. ಪ್ರೋಟೀನಿನ ಮಣಿಗಳಾದ ಅಮೈನೊ ಆಮ್ಲ ಐದೇ ಪೋಣಿಸಿದ ಸರ. ಅದೇ ಬಳಗದ ಬೀಟಾ ಎಂಡಾರ್ಫಿನ್ನಿನ ಸರದಲ್ಲಿ 31.

ಹೊಸನಗರ ತೋಟ: ಅದರ ಮಾತ್ರೆ ಆನ್‌ಲೈನಲ್ಲಿ ಇದೆಯಲ್ಲ, ತರಿಸ್ಲಾ?

ಡಾಕ್ಟರ್: ಪ್ರೋಟೀನಿನ ತುಣುಕು ಅದು. ನುಂಗಿದ್ರೆ ಬೇಳೆ ಥರ ಜೀರ್ಣ ಆಗುತ್ತೆ. ಬೇಳೆ ಅಗ್ಗ.

ಕೊಪ್ಪದ ಸೊಸೆ: ಮೇಡಂ, ಅತ್ತೆಗೆ 71, ಮಂಡಿ ನೋವು. ಮೆಟ್ಟಿಲು ಹತ್ತೋಕಾಗಲ್ಲ.

ತೀರ್ಥಹಳ್ಳಿ ಹುಡುಗ: ಅಪ್ಪಯ್ಯಂಗೆ 66, ಶುಗರ್ ಇದೆ. ಬೆನ್ನಿಂದ ಎಡಪಕ್ಕೆಗೆ ಉರಿ. ಕೊನೆ ಕೊಯ್ಲಲ್ಲಿ ಉಳುಕಿರಬೇಕು ಅಂದ್ಕೊಂಡ್ವಿ. ಈಗ ನೀರುಗುಳ್ಳೆ ಎದ್ದಿದೆ. ಸೂಜಿಮೆಣಸು ಅರೆದು ಹಚ್ಚಿದ್ರೆ ಎಂಡಾರ್ಫಿನ್ ಬರುತ್ತೆ ಅಂತ ಫಾರ್ವರ್ಡ್ ಇದೆ. ಅಮ್ಮ ಅರೀತಾ ಇದಾರೆ.

ಡಾಕ್ಟರ್: ಅರೆಯೋದು ನಿಲ್ಸಿ. ಮೊದಲ ಗುಳ್ಳೆ ಕಂಡಿದ್ದು ಯಾವಾಗ?

ತೀರ್ಥಹಳ್ಳಿ ಹುಡುಗ: ಶುಕ್ರವಾರ ಸಂಜೆ ಆರಕ್ಕೆ, ಸ್ನಾನಕ್ಕೆ ಹೋದಾಗ.

ಡಾಕ್ಟರ್: ಈಗ ಮೂರು ಗಂಟೆ. 45 ಗಂಟೆ ಆಗಲೇ ಹೋಯ್ತು. ನೋಡದೆ ಹೇಳ್ತಿದೀನಿ, ಆದ್ರೆ ನೀವು ಬರೆದಿದ್ದು ಸರ್ಪಸುತ್ತಿನ ಹಾಗೇ ಇದೆ. ವೈರಸ್ ತಡೆಯೋ ಮಾತ್ರೆ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದ್ರೆ ಲಾಭ ಜಾಸ್ತಿ. ಭಾನುವಾರ ಅಂತ ಕಾಯಬೇಡಿ, ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರ್ಕೊಂಡು ಹೋಗಿ. ಮೆಡಿಕಲ್ ಶಾಪಲ್ಲಿ ನೀವೇ ಕೇಳಿ ತಗೋಬೇಡಿ. ಕಿಡ್ನಿ ಹೇಗಿದೆ ನೋಡಿ ಡೋಸ್ ಹಾಕಬೇಕು. ಎಡಪಕ್ಕೆ, ಶುಗರ್ ಎರಡೂ ಇದೆ, ಹೃದಯ ನೋಡೋಕೆ ಒಂದು ಇಸಿಜಿಯನ್ನೂ ಕೇಳಿ.

ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ ಬೆನ್ನುಹುರಿ ಪಕ್ಕದ ನರದ ಗಂಟಲ್ಲಿ ಹತ್ತಾರು ವರ್ಷ ಮಲಗಿರುತ್ತೆ. ಎದ್ದಾಗ ಆ ನರ ಹೋದ ದಾರಿಯಲ್ಲೇ ಗುಳ್ಳೆ. ಅದಕ್ಕೇ ಒಂದೇ ಪಕ್ಕ, ಪಟ್ಟಿ ಹಾಗೆ. ಗುಳ್ಳೆ ಕೆಲವು ವಾರದಲ್ಲಿ ಒಣಗುತ್ತೆ. ನರಕ್ಕೆ ಪೆಟ್ಟಾದ್ರೆ ಮಾತ್ರ ಉರಿ ತಿಂಗಳುಗಟ್ಟಲೆ ಉಳಿಯುತ್ತೆ, ಅಂಗಿ ತಾಗಿದ್ರೂ ಕೆಂಡ ಇಟ್ಟ ಹಾಗೆ. ವಯಸ್ಸಾದವರಿಗೆ ಅದೇ ನನ್ನ ಭಯ.

ಇನ್ನು ಮೆಣಸು. ಫಾರ್ವರ್ಡ್ ಬರೆದ ಮಹಾನುಭಾವ ಅರ್ಧ ಓದಿ ಎದ್ದಿದ್ದಾನೆ. ಮೆಣಸಿನ ಕ್ಯಾಪ್ಸೈಸಿನ್, ನೋವಿನ ನರದ ತುದಿಯಲ್ಲಿ ಸುಡುಬಿಸಿಗೆ ತೆರೆಯೋ ಬಾಗಿಲನ್ನೇ ತೆರೆಯುತ್ತೆ. ಆ ಬಾಗಿಲು ಹುಡುಕಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ತೆರೆದ ತಕ್ಷಣ ನರ ಸಬ್‌ಸ್ಟೆನ್ಸ್ ಪಿ ಅನ್ನೋ ಪ್ರೋಟೀನ್ ತುಣುಕನ್ನ ಸುರಿಸುತ್ತೆ: ಉರಿ, ಕೆಂಪು, ಊತ. ಅಳತೆ ಮಾಡಿ ಮತ್ತೆ ಮತ್ತೆ ಹಚ್ಚಿದ್ರೆ ತುದಿ ಮಂಕಾಗುತ್ತೆ, ಅದಕ್ಕೆ ಆ ಮುಲಾಮು ನಾವೂ ಬರೀತೀವಿ. ಆದ್ರೆ ಗುಳ್ಳೆ ಪೂರ್ತಿ ಮಾಗಿದ ಮೇಲೆ, ಉಳಿದ ನೋವಿಗೆ. ಹಸಿ ಗುಳ್ಳೆಗೆ ಸೂಜಿಮೆಣಸು ಬಳಿದ್ರೆ ಅಪ್ಪಯ್ಯ ಅಟ್ಟ ಹತ್ತುತ್ತಾರೆ.

ಹಳೇ ಬೇರು: ಸರ್ಪಸುತ್ತಿಗೆ ಇಂಗ್ಲಿಷ್ ಮದ್ದು ನಾಟಲ್ಲ. ಕೆಮ್ಮಣ್ಣಲ್ಲಿ ಹಾವು ಬರೆಸಿ ಮಂತ್ರ ಹಾಕಿಸಿ. ಗುಳ್ಳೆ ಸುತ್ತು ಬಂದು ತಲೆ ಬಾಲ ಕೂಡಿದ್ರೆ ಆಳೇ ಮುಗೀತು.

ಭದ್ರಾವತಿ ಲ್ಯಾಬ್: ಕೂಡಲ್ಲ ಮಾರಾಯ್ರೇ, ಒಂದೇ ಪಕ್ಕ ಅಂತ ಈಗಷ್ಟೇ ಬರೆದ್ರಲ್ಲ. ಕನ್ನಡಕ ಹಾಕ್ಕೊಳ್ಳಿ.

ಹಳೇ ಬೇರು: ನಮ್ಮಜ್ಜಿಗೆ ಮಂತ್ರ ಹಾಕಿದ ರಾತ್ರಿಯೇ ನೋವು ಇಳೀತು. ನಿನ್ನ ಲ್ಯಾಬಲ್ಲಿ ಅದಕ್ಕೆ ಟೆಸ್ಟ್ ಇದೆಯಾ?

ಭದ್ರಾವತಿ ಲ್ಯಾಬ್: ಅಜ್ಜಿ ಕಥೆಗೆ ಟೆಸ್ಟ್ ಇಲ್ಲ.

ಹಳೇ ಬೇರು: ಅಡ್ಮಿನ್, ಹಿರಿಯರಿಗೆ ಮರ್ಯಾದೆ ಇಲ್ಲದ ಗ್ರೂಪಲ್ಲಿ ನಾನ್ಯಾಕೆ ಇರಬೇಕು?

ಭದ್ರಾವತಿ ಲ್ಯಾಬ್: ಹೋದ ತಿಂಗಳೂ ಇದನ್ನೇ ಹೇಳಿದ್ರಿ.

ಡಾಕ್ಟರ್: ಇಬ್ಬರೂ ಸಾಕು. ಅಜ್ಜಿಗೆ ನೋವು ಇಳಿದಿದ್ದು ಸುಳ್ಳು ಅಂತ ನಾನು ಹೇಳಲ್ಲ. ಅದಕ್ಕೆ ಟೆಸ್ಟೂ ಆಗಿದೆ. ದವಡೆ ಹಲ್ಲು ಕೀಳಿಸಿಕೊಂಡವರಿಗೆ ಮದ್ದಿಲ್ಲದ ಬರೀ ಇಂಜೆಕ್ಷನ್ ಕೊಟ್ಟಾಗ ಕೆಲವರಿಗೆ ನೋವು ತಗ್ಗಿತು. ಎಂಡಾರ್ಫಿನ್ನಿಗೆ ಅಡ್ಡ ಬರೋ ನಾಲಾಕ್ಸೋನ್ ಕೊಟ್ಟಾಗ ಅವರಿಗೇ ಮತ್ತೆ ಏರಿತು. 1978ರಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ಪ್ರಕಟಿಸಿದ ಪ್ರಯೋಗ ಇದು. ನಂಬಿಕೆಗೂ ಒಳಗಿನ ಮಾರ್ಫಿನ್ ಸುರಿಸೋ ತಾಕತ್ತಿದೆ. ವೈರಸ್ಸಿಗೆ ಆ ಸುದ್ದಿ ಮುಟ್ಟಲ್ಲ, ಅಷ್ಟೇ. ಮಂತ್ರ ಬೇಕಾದವರು ಮಾತ್ರೆ ನುಂಗಿ ಹಾಕಿಸ್ಕೊಳ್ಳಿ. ಕೆಮ್ಮಣ್ಣು ಗುಳ್ಳೆಗೆ ತಾಗೋದು ಬೇಡ.

ಶಿಕಾರಿಪುರ ಬಸ್: ಮೇಡಂ, ಎಂಡಾರ್ಫಿನ್ ಮಾತ್ರೆ ಎಲ್ಲಿ ಸಿಗುತ್ತೆ?

ಡಾಕ್ಟರ್: ಮೇಲೆ ಓದಿ.

ಸಾಗರದ ಟೀಚರ್: ವಾಕಿಂಗ್ ಹೋದ್ರೆ ಬರುತ್ತಾ?

ಡಾಕ್ಟರ್: ಬರಲಿ, ಬಿಡಲಿ, ಹೋಗಿ.

ಶಿಕಾರಿಪುರ ಬಸ್: ಮೇಲೆ ಅಂದ್ರೆ ಎಲ್ಲಿ?

ತೀರ್ಥಹಳ್ಳಿ ಹುಡುಗ: ಹೊರಟ್ವಿ ಮೇಡಂ. ಅಕ್ಕನ ಮಗು ಮನೇಲಿದೆ, ಎಂಟು ತಿಂಗಳು. ಅರೆದಿದ್ದನ್ನ ಏನ್ಮಾಡ್ಲಿ ಅಂತ ಅಮ್ಮ ಕೇಳ್ತಿದಾರೆ.

ಡಾಕ್ಟರ್: ಒಳ್ಳೇದು ಕೇಳಿದ್ರಿ. ಗುಳ್ಳೆ ನೀರು ತಾಗಿದ್ರೆ ಮಗುವಿಗೆ ಸೀತಾಳೆ ಸಿಡುಬು ಬರಬಹುದು. ಗುಳ್ಳೆ ಒಣಗಿ ಹಕ್ಕಳೆ ಕಟ್ಟೋವರೆಗೆ ಅಪ್ಪಯ್ಯ ಎತ್ಕೊಳ್ಳೋದು ಬೇಡ. ಗುಳ್ಳೆ ಮೇಲೆ ಬಟ್ಟೆ ಮುಚ್ಚಿರಲಿ. ಬಸುರಿಯರೂ ದೂರ ಇರಲಿ. ಅರೆದಿದ್ದು ಚಟ್ನಿಗೆ.

ಕೊಪ್ಪದ ಸೊಸೆ: ಮೇಡಂ, ಅತ್ತೆ ಮಂಡಿ?