ಪಿಕಪ್‌ನಲ್ಲಿ ಎಬಿಎಸ್, ಟ್ರ್ಯಾಕ್ಷನ್ ಮತ್ತು ಕೆಂಪು ಬ್ರೇಕ್ ದೀಪ: ದೋಷ ಹುಡುಕುವ ಕ್ರಮ

ಪ್ರಶ್ನೆ (ಸಕಲೇಶಪುರದ ಬೆಳೆಗಾರರು): ನಮಸ್ಕಾರ ಸರ್. ತೋಟದ ಗೊಬ್ಬರ ಮತ್ತು ಕಾಫಿ ಮೂಟೆ ಸಾಗಿಸಲು ಫೋರ್ ವೀಲ್ ಡ್ರೈವ್ ಇರುವ ಡಬಲ್ ಕ್ಯಾಬ್ ಪಿಕಪ್ ಇಟ್ಟುಕೊಂಡಿದ್ದೇನೆ. ಮುಂದಿನ ಎಡ ಚಕ್ರದ ಬೇರಿಂಗ್ ಸದ್ದು ಮಾಡುತ್ತಿದ್ದುದರಿಂದ ಈಚೆಗೆ ಬದಲಾಯಿಸಿದೆ. ಅಂದಿನಿಂದ ಕೀ ತಿರುಗಿಸಿದಾಗ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರಗಳು ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಎಂದಿನಂತೆ ಹೊತ್ತಿ ಆರುತ್ತದೆ; ಆದರೆ ಗಾಡಿ ಸ್ವಲ್ಪ ದೂರ ಓಡುತ್ತಲೇ ಮತ್ತೆ ಹೊತ್ತಿಕೊಳ್ಳುತ್ತದೆ, ಜೊತೆಗೆ ಜಾರುವ ಕಾರಿನ ಚಿತ್ರದ ಹಳದಿ ದೀಪವೂ ಬರುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಕೆಂಪು ಬ್ರೇಕ್ ದೀಪವೂ ಒಮ್ಮೊಮ್ಮೆ ಮಿನುಗುತ್ತದೆ. ಎಬಿಎಸ್ ಯೂನಿಟ್ (ಅದನ್ನು ನಿಯಂತ್ರಿಸುವ ಪೆಟ್ಟಿಗೆ) ಅನ್ನೇ ಬದಲಾಯಿಸಬೇಕೆಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ತಾವೇನು ಹೇಳುತ್ತೀರಿ?

ಉತ್ತರ (ಬ್ರೇಕ್ ತಂತ್ರಜ್ಞರು): ದಯವಿಟ್ಟು ಈಗಲೇ ಯೂನಿಟ್ ಬದಲಾಯಿಸಬೇಡಿ. ದೀಪ ಯಾವಾಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ನೀವು ಗಮನಿಸಿ ಬರೆದಿರುವುದರಿಂದ ಅರ್ಧ ಕೆಲಸ ಆಗಿಯೇ ಹೋಗಿದೆ. ಪ್ರತಿ ಚಕ್ರದ ವೇಗವನ್ನು ಯೂನಿಟ್‌ಗೆ ತಿಳಿಸುವ ಸೆನ್ಸರಿನ ತಂತಿ ತುಂಡಾಗಿದ್ದರೆ ಅಥವಾ ಕಪ್ಲರ್ (ತಂತಿಗಳನ್ನು ಜೋಡಿಸುವ ಪ್ಲಗ್) ಬಿಟ್ಟುಹೋಗಿದ್ದರೆ, ಸಾಮಾನ್ಯವಾಗಿ ಗಾಡಿ ನಿಂತಿರುವಾಗಲೇ ಯೂನಿಟ್‌ಗೆ ಅದು ತಿಳಿಯುತ್ತದೆ ಮತ್ತು ದೀಪ ಆರುವುದೇ ಇಲ್ಲ. ಓಡಲು ಶುರುವಾದ ಮೇಲೆ ದೀಪ ಬರುತ್ತಿದೆಯೆಂದರೆ, ಮೂರು ಚಕ್ರಗಳ ವೇಗ ತಿಳಿಯುತ್ತಿದ್ದು ಒಂದರದ್ದು ತಿಳಿಯುತ್ತಿಲ್ಲ, ಅಥವಾ ತಪ್ಪಾಗಿ ತಿಳಿಯುತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ಚಕ್ರಗಳು ಜಾರಿ ಸುಮ್ಮನೆ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಕೂಡ ಅದೇ ನಾಲ್ಕು ಸೆನ್ಸರುಗಳನ್ನೇ ನಂಬಿರುವುದರಿಂದ ಅದರ ದೀಪವೂ, ಅಂದರೆ ನೀವು ಹೇಳಿದ ಜಾರುವ ಕಾರಿನ ಚಿತ್ರದ್ದು, ಜೊತೆಗೆ ಬರುತ್ತದೆ. ಅದನ್ನು ಎರಡನೆಯ ದೋಷವೆಂದು ಎಣಿಸಬೇಕಾಗಿಲ್ಲ.

ಬೇರಿಂಗ್ ಕೆಲಸದ ನಂತರ ಹೀಗಾಗಿರುವುದರಿಂದ ಮೊದಲು ಅಲ್ಲಿಯೇ ನೋಡಬೇಕು. ಕೆಲವು ಗಾಡಿಗಳಲ್ಲಿ ಚಕ್ರದ ವೇಗವನ್ನು ತಿಳಿಸಲು ಹಬ್ (ಚಕ್ರವನ್ನು ಬಿಗಿಯುವ ನಡುಭಾಗ) ಅಥವಾ ಆಕ್ಸಲ್ ಮೇಲೆ ಹಲ್ಲುಗಳಿರುವ ಕಬ್ಬಿಣದ ಉಂಗುರವಿರುತ್ತದೆ. ಇನ್ನು ಕೆಲವುಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲಿನಲ್ಲಿಯೇ ಉತ್ತರ, ದಕ್ಷಿಣ ಧ್ರುವಗಳು ಸಾಲಾಗಿ ಅಚ್ಚಾಗಿರುವ ಕಾಂತೀಯ ಪಟ್ಟಿ ಇರುತ್ತದೆ. ಈ ಎರಡನೆಯ ಬಗೆಯ ಬೇರಿಂಗನ್ನು ತಿರುವುಮುರುವಾಗಿ ಕೂರಿಸಿದರೆ ಚಕ್ರ ಸಲೀಸಾಗಿ ತಿರುಗುತ್ತದೆ, ಸದ್ದೂ ಇರುವುದಿಲ್ಲ, ಆದರೆ ಕಾಂತೀಯ ಬದಿ ಸೆನ್ಸರಿನಿಂದ ದೂರವಾಗಿ ಸಂಕೇತವೇ ಹೊರಡುವುದಿಲ್ಲ. ಪಟ್ಟಿಯೇ ಇಲ್ಲದ ಅಗ್ಗದ ಬೇರಿಂಗ್ ಹಾಕಿದರೂ ಫಲ ಇದೇ. ಪ್ರೆಸ್‌ನಲ್ಲಿ ಒತ್ತುವಾಗ ಉಂಗುರ ಬಿರುಕು ಬಿಟ್ಟಿರುವುದು, ಸೆನ್ಸರಿನ ತಲೆಗೆ ಏಟು ಬಿದ್ದಿರುವುದು, ಅದು ಕೂರುವ ಗುಂಡಿಯಲ್ಲಿ ತುಕ್ಕು ಉಳಿದು ಅಂತರ ಹೆಚ್ಚಾಗಿರುವುದು ಕೂಡ ಸಾಧ್ಯ.

ಎಬಿಎಸ್ ಯೂನಿಟ್‌ನೊಂದಿಗೆ ಮಾತಾಡಿ ಅದರಲ್ಲಿ ದಾಖಲಾದ ದೋಷದ ಕೋಡುಗಳನ್ನು ಓದಬಲ್ಲ ಸ್ಕ್ಯಾನರ್ ಹಾಕಿಸಿ, ಏಕೆಂದರೆ ಮೊಬೈಲಿಗೆ ಜೋಡಿಸುವ ಅಗ್ಗದ ಸಾಧನಗಳಲ್ಲಿ ಹೆಚ್ಚಿನವು ಎಂಜಿನ್ ಕೋಡುಗಳನ್ನಷ್ಟೇ ಓದುತ್ತವೆ. ಕೋಡ್ ಓದಿ ಅಳಿಸಿಬಿಡುವುದು ಸಾಲದು. ಲೈವ್ ಡೇಟಾದಲ್ಲಿ (ಗಾಡಿ ಓಡುತ್ತಿರುವಾಗಲೇ ಸ್ಕ್ಯಾನರ್ ತೋರಿಸುವ ಅಂಕಿಗಳಲ್ಲಿ) ನಾಲ್ಕು ಚಕ್ರಗಳ ವೇಗವನ್ನು ತೆರೆದಿಟ್ಟು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ನೇರ ರಸ್ತೆಯಲ್ಲಿ 20ರಿಂದ 40 ಕಿ.ಮೀ. ವೇಗದಲ್ಲಿ ಓಡಿಸಿ. ಮೂರು ಚಕ್ರಗಳು 30 ತೋರಿಸುವಾಗ ಎಡ ಮುಂಚಕ್ರ ಸೊನ್ನೆ ತೋರಿಸಿದರೆ ಯೂನಿಟ್‌ನ ಮಾತನ್ನು ಅಲ್ಲಿಗೇ ಬಿಟ್ಟು ಹಬ್ ಬಿಚ್ಚಿಸಿ.

ಕೆಂಪು ದೀಪದ ವಿಷಯ ಬೇರೆ, ಮತ್ತು ನನಗೆ ಹೆಚ್ಚು ಕಳವಳ ತಂದಿರುವುದು ಅದೇ. ಇಳಿಜಾರಿನಲ್ಲಿ ಮಾತ್ರ ಮಿನುಗುತ್ತಿದೆಯೆಂದರೆ, ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕನಿಷ್ಠ ಗೆರೆಯ ಹತ್ತಿರವಿದ್ದು, ಗಾಡಿ ಮುಂದಕ್ಕೆ ಬಾಗಿದಾಗ ಒಳಗಿನ ತೇಲುವ ಬಿರಡೆ ಕೆಳಗಿಳಿಯುತ್ತಿರಬಹುದು. ಪ್ಯಾಡುಗಳು ಸವೆದಷ್ಟೂ ಆಯಿಲ್ ಮಟ್ಟ ಇಳಿಯುವುದು ಸಹಜ. ಸೋರಿಕೆಯಿಂದ ಇಳಿದಿದ್ದರೆ ಅದು ಅಪಾಯ. ಆದ್ದರಿಂದ ಆಯಿಲ್ ತುಂಬಿಸುವ ಮೊದಲು ಪ್ಯಾಡ್, ಹಿಂದಿನ ಡ್ರಮ್ಮುಗಳ ಲೈನರ್, ವೀಲ್ ಸಿಲಿಂಡರ್ ಮತ್ತು ಹೋಸುಗಳನ್ನು ನೋಡಿಸಿ. ಇದಾಗುವವರೆಗೆ ಲೋಡ್ ಹಾಕಿಕೊಂಡು ಘಾಟಿ ಇಳಿಯಬೇಡಿ.

ಪ್ರಶ್ನೆ (ಅದೇ ಬೆಳೆಗಾರರು): ಧನ್ಯವಾದಗಳು ಸರ್. ಸ್ಕ್ಯಾನರ್ ಸಿಗುವವರೆಗೆ ಸೆನ್ಸರನ್ನು ಮಲ್ಟಿಮೀಟರಿನಲ್ಲಿ ಪರೀಕ್ಷಿಸಬಹುದೇ?

ಉತ್ತರ: ಸೆನ್ಸರಿನ ಬಗೆ ತಿಳಿಯದೆ ಬೇಡ. ಹಳೆಯ ಮಾದರಿಯ ಸುರುಳಿ ಸೆನ್ಸರಿನಲ್ಲಿ ರೋಧವನ್ನು ಅಳೆಯಬಹುದು. ಅನೇಕ ಗಾಡಿಗಳಲ್ಲಿ ಅದು ಸುಮಾರು ಒಂದರಿಂದ ಎರಡು ಸಾವಿರ ಓಮ್ ಆಸುಪಾಸು ಬರುತ್ತದೆ. ಈಗಿನ ಗಾಡಿಗಳಲ್ಲಿರುವ ಆ್ಯಕ್ಟಿವ್ ಸೆನ್ಸರಿಗೂ ಎರಡೇ ತಂತಿ ಇರುತ್ತವೆ, ಆದರೆ ಅದರೊಳಗೆ ಚಿಕ್ಕ ಎಲೆಕ್ಟ್ರಾನಿಕ್ ಚಿಪ್ ಇದೆ. ಯೂನಿಟ್ ಕಳಿಸುವ ವಿದ್ಯುತ್ತಿನಿಂದ ನಡೆಯುವ ಅದು ಸಾಮಾನ್ಯವಾಗಿ 7 ಮತ್ತು 14 ಮಿಲಿಆ್ಯಂಪಿಯರ್‌ಗಳ ನಡುವೆ ಬದಲಾಗುತ್ತ ವೇಗವನ್ನು ತಿಳಿಸುತ್ತದೆ. ಅದರ ರೋಧ ಅಳೆದರೆ ಅರ್ಥವಿರುವ ಉತ್ತರ ಬರುವುದಿಲ್ಲ, ಸೆನ್ಸರ್ ಕೆಡಲೂಬಹುದು. ನೀವು ಮಾಡಬಹುದಾದದ್ದು ಕಪ್ಲರ್ ಬಿಚ್ಚಿ ನೀರು, ಹಸಿರು ಕಿಲುಬು ಇದೆಯೇ ಎಂದು ನೋಡುವುದು, ಮತ್ತು ಸ್ಟಿಯರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ತಂತಿ ಎಲ್ಲಿಯಾದರೂ ಎಳೆಯುತ್ತಿದೆಯೇ, ಉಜ್ಜುತ್ತಿದೆಯೇ ಎಂದು ಪರಿಶೀಲಿಸುವುದು.

ಪ್ರಶ್ನೆ (ಚಿಂತಾಮಣಿಯ ತರಕಾರಿ ಸಾಗಣೆದಾರರು): ನನ್ನ ಪಿಕಪ್‌ನಲ್ಲಿ ಕೆಂಪು ದೀಪ, ಎಬಿಎಸ್ ದೀಪ ಎರಡೂ ಆರದೆ ಉರಿಯುತ್ತಿವೆ. ಆಯಿಲ್ ಸರಿಯಿದೆ, ಹ್ಯಾಂಡ್ ಬ್ರೇಕ್ ಇಳಿದಿದೆ, ಬ್ರೇಕ್ ಕೂಡ ಹಿಡಿಯುತ್ತದೆ. ಎಬಿಎಸ್ ಫ್ಯೂಸ್ ಕಿತ್ತು ಓಡಿಸಬಹುದೇ?

ಉತ್ತರ: ಬೇಡ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬ್ರೇಕಿನ ಬಲವನ್ನು ಹಂಚುವ ಇಬಿಡಿ ವ್ಯವಸ್ಥೆಯೂ ಅದೇ ಯೂನಿಟ್‌ನಲ್ಲಿದೆ. ಆಯಿಲ್, ಹ್ಯಾಂಡ್ ಬ್ರೇಕ್ ಎರಡೂ ಸರಿಯಿದ್ದು ಈ ಎರಡು ದೀಪಗಳು ಒಟ್ಟಿಗೆ ಉಳಿದಿವೆಯೆಂದರೆ ಇಬಿಡಿ ನಿಂತಿದೆ ಎಂದೇ ತಿಳಿಯಬೇಕು. ಫ್ಯೂಸ್ ಕಿತ್ತರೆ ಅದು ನಿಂತೇ ಇರುತ್ತದೆ. ಮಾರುಕಟ್ಟೆಯಲ್ಲಿ ಮಾಲು ಇಳಿಸಿ ಖಾಲಿ ಬರುವಾಗ ಪಿಕಪ್‌ನ ಹಿಂಭಾಗ ಹಗುರವಾಗಿರುತ್ತದೆ. ಆಗ ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ, ಒದ್ದೆ ರಸ್ತೆಯಲ್ಲಂತೂ ಚಾಲಕನಿಗೆ ಸರಿಪಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಬ್ಯಾಟರಿಯ ವೋಲ್ಟೇಜ್, ಯೂನಿಟ್‌ನ ಅರ್ಥಿಂಗ್ ಬೋಲ್ಟ್ ಮತ್ತು ಅದೇ ಫ್ಯೂಸನ್ನು ಮೊದಲು ಪರೀಕ್ಷಿಸಿ. ಅವು ಸರಿಯಿದ್ದೂ ಸ್ಕ್ಯಾನರ್‌ಗೆ ಯೂನಿಟ್ ಉತ್ತರ ಕೊಡದಿದ್ದರೆ, ಅಲ್ಲಿಗೆ ಹೋಗುವ ವೈರಿಂಗನ್ನು ಇಲಿ ಕಡಿದಿದೆಯೇ ಎಂದು ನೋಡಿಸಿ. ತರಕಾರಿ ಗಾಡಿಗಳಲ್ಲಿ ಇದನ್ನು ಆಗಾಗ ಕಾಣುತ್ತೇನೆ. ಯೂನಿಟ್ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರುವುದು ಅದಾದ ಮೇಲೆ.